ಹುಚ್ಚಕ್ಕನ ನುಡಿ

ಪಾಲಮ್ಮನ ಹಾಡಿನ ಮೊದಲ ನುಡಿಯನ್ನು ಕತ್ತರಿಸಿ ಹಾಕಿ, ಉಳಿದದ್ದನ್ನು ನಾಗಭೂಷಣ ಚಳ್ಳಕೆರೆಯ ತನ್ನ ಸ್ಪೀಕರ್ ಅಂಗಡಿಯಲ್ಲಿ ಗಿರಾಕಿಗಳಿಗೆ ಕೇಳಿಸುತ್ತಿದ್ದ, ವಾಟ್ಸಾಪ್ ಸ್ಟೇಟಸ್‌ಗೂ ಹಾಕಿದ್ದ. ಅವಳನ್ನು ಒಂದು ಮಾತು ಕೇಳಿರಲಿಲ್ಲ.

ಕೊಂಡ್ಲಹಳ್ಳಿಯ ತಂಗಿಯ ಮನೆಗೆ ಹೋಗಿದ್ದಾಗ, ಹೊಸ ಮೈಕ್ ಹೇಗಿದೆ ನೋಡೋಣವೆಂದು ಅದನ್ನು ಜಗಲಿಯ ಮೇಲಿಟ್ಟಿದ್ದ. ಅಲ್ಲಿ ಹೆಂಗಸರು ಬಿತ್ತನೆಗೆ ಶೇಂಗಾ ಬಿಡಿಸುತ್ತ ಕೂತಿದ್ದರು. ಪಾಲಮ್ಮ ಹಾಡುತ್ತಿದ್ದಳು. ಅಷ್ಟೇ ಸಾಕಾಗಿತ್ತು ಅವನಿಗೆ, ರೆಕಾರ್ಡ್ ಮಾಡಿಕೊಂಡ.

ಇವತ್ತು ಅಂಗಡಿಯಲ್ಲಿದ್ದವನು ಬಿ.ಜಿ. ಕೆರೆಯ ಪಾಲಾಕ್ಷ. ಟ್ರ್ಯಾಕ್ಟರಿಗೆ ಸ್ಪೀಕರ್ ಕಟ್ಟಿಸಲು ಬಂದಿದ್ದ.

"ಒಂದು ಡಿಜೆ ಹಾಕಣ್ಣ, ಎದೆ ಅದುರಬೇಕು."

"ಡಬಡಬ ಅನ್ನೋದು ಯಾವ ಡಬ್ಬದಾಗೂ ಬರುತ್ತೆ ಕಣಲೇ. ಬರೀ ಗಂಟಲು ಹಾಕಿ ನೋಡು, ಆಗ ಸಿಕ್ಕಿಬೀಳ್ತಾವೆ ಸ್ಪೀಕರ್‌ಗಳು," ಎಂದು ನಾಗಭೂಷಣ ಗುಂಡಿ ಒತ್ತಿದ. ಡೋಲಿಲ್ಲ, ತಾಳವಿಲ್ಲ. ಒಂದು ಹೆಣ್ಣು ದನಿ ಎದ್ದು ಬಂದು ಅಂಗಡಿಯ ನಡುವೆ ನಿಂತುಕೊಂಡಿತು.

ಪಾಲಾಕ್ಷ ಕಿವಿಯನ್ನು ಸ್ಪೀಕರ್ ಪೆಟ್ಟಿಗೆಗೇ ಹಚ್ಚಿದ. "ದನಿಯೇನೋ ಸೈ. ನಡುನಡುವೆ ಚಟ್ ಚಟ್ ಅಂತೈತಲ್ಲ? ಹರಿದಿರೋ ಸ್ಪೀಕರ್ ಕೊಡ್ತೀಯೇನಣ್ಣ?"

"ಅದು ಶೇಂಗಾ ಬಿಡಿಸೋ ಸದ್ದು ಕಣಲೇ! ಅದು ಕೇಳಿಸ್ತು ಅಂದ್ರೆ ಮಾಲು ಅಸಲಿ."

"ಯಾರಿಗೆ ಹೇಳ್ತೀಯ ಕತೆ?"

"ಕತೆ ಅಲ್ಲಪ್ಪ, ಶೇಂಗಾನೇ," ಎಂದಿತು ಬಾಗಿಲ ಕಡೆಯಿಂದ ಅದೇ ದನಿ. ಇಬ್ಬರೂ ತಿರುಗಿದರು. ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಪಾಲಮ್ಮ ನಿಂತಿದ್ದಳು. "ಚಟ್ ಅಂದಿದ್ದು ನಂದು. ಈಗ ಮೆತ್ತಗೆ ಪುಸ್ ಅಂತಲ್ಲ, ಅದು ಹೊನ್ನಕ್ಕಂದು. ಬೀಜ ಕೆಡ್ತಾವೆ ಅಂದ್ರೂ ಕೇಳಲ್ಲ, ಕಾಯಿಗೆ ನೀರು ಚಿಮುಕಿಸ್ಕೊಂಡೇ ಬಿಡಿಸ್ತಾಳೆ, ಕಳ್ಳಿ."

ಪಾಲಾಕ್ಷ ಮತ್ತೆ ಕಿವಿ ಹಚ್ಚಿದ. ಚಟ್. ಪುಸ್. "ಅಯ್ ಇವ್ನ, ಹೌದಲ್ಲ!" ಎಂದು ತೊಡೆ ತಟ್ಟಿಕೊಂಡ.

ನಾಗಭೂಷಣನ ಮುಖ ಅರಳಿತು. ಹಾಡು ನಿಲ್ಲಿಸಿ ಕುರ್ಚಿ ಎಳೆದ, ಟೀಗೆ ಕೂಗಿದ. "ಬಾಕ್ಕ ಬಾ! ನಿನ್ನ ಗಂಟಲಿಂದ್ಲೇ ಅಂಗಡಿ ನಡೀತೈತೆ."

ಪಾಲಮ್ಮ ಕೂರಲಿಲ್ಲ. "ಗಂಟಲು ಇರ್ಲಿ. ಹುಚ್ಚಕ್ಕನ್ನ ಎಲ್ಲಿ ಬಿಟ್ಟೆ?"

"ಯಾವ ಹುಚ್ಚಕ್ಕ?"

"ಮೊದಲ್ನೇ ನುಡ್ಯಾಗೆ ಇದ್ಲಲ್ಲ, ನಂಗೆ ಹಾಡು ಕೊಟ್ಟೋಳು. ಕೊಟ್ಟೋಳ ಹೆಸರು ಹೇಳ್ದೆ ನಮ್ಮಾಗೆ ಯಾರೂ ಬಾಯಿ ತೆಗೆಯಲ್ಲ. ನೀನು ಸ್ಟೇಟಸ್ ಹಾಕಿದ್ದು ಕೇಳಿ ಹುಚ್ಚಕ್ಕ, ಪಾಲಿ ಪ್ಯಾಟೆಗೆ ಹಾಡೋಕ್ಹೋಗಿ ನನ್ನ ಹೆಸರು ನುಂಗ್ಕಂಡ್ಲು ಅಂತ ಮಾತು ಬಿಟ್ಟವ್ಳೆ. ಇಪ್ಪತ್ತು ದಿನ ಆತು. ಒಂದೇ ರಾಶಿಗೆ ಕುಂತು ಬಿಡಿಸ್ತೀವಿ, ಅವಳು ಗೋಡೆ ಕಡೆ ಮುಖ ಮಾಡ್ಕೊಂಡಿರ್ತಾಳೆ."

"ಆ ನುಡಿ ಎಳೀತಿತ್ತು ಅಕ್ಕ, ಗಿರಾಕಿ ಎದ್ದು ಹೋಗ್ತಾರೆ. ಒಂದು ಹೆಸರಿಗೆ ಇಷ್ಟೊಂದಾ?"

"ಅಂಗಡಿ ಬೋರ್ಡಿನ ಮ್ಯಾಲೆ ಯಾರ ಹೆಸರೈತೆ?"

"ನಮ್ಮಪ್ಪಂದು."

"ಒರೆಸ್ಲಾ?"

ಆಗಷ್ಟೇ ಬಂದಿದ್ದ ಟೀ ಪಾಲಾಕ್ಷನ ಬಾಯಿಂದ ಅಂಗಿಯ ಮೇಲೆ ಬಿತ್ತು. ನಗು ತಡೆಯಲಾಗದೆ ಅವನು ಪೆಟ್ಟಿಗೆಯೊಂದನ್ನು ಹಿಡಿದುಕೊಂಡ.

ನಾಗಭೂಷಣ ತಲೆ ಕೆರೆದುಕೊಂಡ. ಆ ನುಡಿ ಅವನ ಬಳಿ ಉಳಿದಿರಲಿಲ್ಲ, ಅಳಿಸಿಬಿಟ್ಟಿದ್ದ. ಮರುಕ್ಷಣವೇ ಹೊಸ ಯೋಚನೆ ಬಂತು. ಮೈಕ್ ತಂದು ಅವಳ ಕೈಗೆ ಕೊಟ್ಟು, ಅಂಗಡಿಯ ಅಷ್ಟೂ ಪೆಟ್ಟಿಗೆಗಳನ್ನು ಚಾಲೂ ಮಾಡಿದ. "ಹೋಗ್ಲಿ, ಈಗ ಹಾಡು. ಅವಳ ಹೆಸರೂ ಹಾಡು. ಎಲ್ಲಾ ಹೊಸದಾಗಿ ಹಿಡ್ಕೋತೀನಿ."

ಪಾಲಮ್ಮ ಒಮ್ಮೆ ಕೆಮ್ಮಿದಳು. ಅವಳ ಕೆಮ್ಮನ್ನು ಅಷ್ಟೂ ಪೆಟ್ಟಿಗೆಗಳು ಕೆಮ್ಮಿದವು. ಅವಳು ಕಣ್ಣು ಮುಚ್ಚಿದಳು.

"ಸೊಲ್ಲು ಕೊಟ್ಟವಳು ಹುಚ್ಚಕ್ಕ ಹಿರಿಯಕ್ಕ
ಕಲ್ಲಿನ ಮುಂದೆ ಕಲಿಸಿದಳು | ಅವಳಿರದೆ
ಎಲ್ಲೀದು ಸೊಲ್ಲು ನನ ಬಾಯ್ಗೆ"

ಹುಚ್ಚಕ್ಕ ಎಂಬಲ್ಲಿ ದನಿಯನ್ನು ಎಳೆದಾಗ ಗಾಜಿನ ಕಪಾಟು ಸಣ್ಣಗೆ ನಡುಗಿತು. ಎದುರಿನ ಎಣ್ಣೆ ಅಂಗಡಿಯವರು ಅಳತೆ ನಿಲ್ಲಿಸಿ ಇತ್ತ ನೋಡಿದರು. ಪಾಲಾಕ್ಷ ಟ್ರ್ಯಾಕ್ಟರನ್ನು ಮರೆತೇ ಬಿಟ್ಟಿದ್ದ. ನುಡಿ ಮುಗಿಯಿತು. ಪಾಲಮ್ಮ ಕಣ್ಣು ಬಿಟ್ಟಳು.

"ನಿಲ್ಲಿಸ್ಬೇಡಕ್ಕ, ಮುಂದಕ್ಕೆ!" ನಾಗಭೂಷಣ ಕೈ ಆಡಿಸಿದ.

"ಇಷ್ಟನ್ನ ಸ್ಟೇಟಸ್ ಹಾಕು. ಸಂಜೆಗೆ ಅವಳು ಕೇಳ್ಲಿ. ಮುಂದಿಂದು ಬೇಕಂದ್ರೆ ಕೊಂಡ್ಲಹಳ್ಳಿಗೆ ಬಸ್ ಐತೆ. ಬಂದು ಅವಳನ್ನ ಕೇಳು, ಆಮ್ಯಾಕೆ ನನ್ನ ಕೇಳು."

"ಗಿರಾಕಿ ಎದುರಿಗೆ ಕುಂತೌನೆ, ಮಾನ ತೆಗೀಬೇಡ. ಹಾಡು ಅಂತಿದ್ದೀನಲ್ಲ!" ಅವನು ಮೈಕನ್ನು ಅವಳ ತುಟಿಯ ಹತ್ತಿರಕ್ಕೆ ಒತ್ತಿ ಹಿಡಿದ.

"ಹಾಡಲ್ಲ," ಎಂದಳು ಪಾಲಮ್ಮ.

ಅಷ್ಟೂ ಪೆಟ್ಟಿಗೆಗಳು ಒಟ್ಟಿಗೆ ಅದನ್ನೇ ಅಂದವು. ಎಷ್ಟು ಸ್ಪಷ್ಟವಾಗಿ ಅಂದವೆಂದರೆ, ಮಾತಿಗೆ ಮೊದಲು ಅವಳು ಎಳೆದುಕೊಂಡ ಉಸಿರು ಕೂಡ ರಸ್ತೆಯ ಆಚೆಗೆ ಕೇಳಿಸಿತು.