ಕೆಂಪು ರಬ್ಬರ್ ಚೆಂಡು

ಮೊನ್ನೆ ಶಿರಾ ಗೇಟಿನ ಅಂಗಡಿಯಲ್ಲಿ ಮಗಳು ಕೆಂಪು ರಬ್ಬರ್ ಚೆಂಡೊಂದನ್ನು ನನ್ನ ಮುಖಕ್ಕೆ ಹಿಡಿದಳು. ಅದರ ವಾಸನೆ ಬಡಿದದ್ದೇ, ಬೇಡ ಎಂದು ಕಸಿದು ವಾಪಸಿಟ್ಟೆ.

ಆರನೇ ಕ್ಲಾಸಿನಲ್ಲಿ ನಮ್ಮ ಫ್ರೆಂಚ್ ಮಿಸ್ ಅಂಥದ್ದೇ ಚೆಂಡಿನಲ್ಲಿ ಆಟ ಆಡಿಸುತ್ತಿದ್ದರು. ಕನ್ನಡ ಮಾತಾಡಿ ಸಿಕ್ಕಿಬಿದ್ದವರ ಕೈಗೆ ಚೆಂಡು. ಅವರು ಇನ್ನೊಬ್ಬರನ್ನು ಹಿಡಿದುಕೊಟ್ಟರೆ ಬಚಾವು. ಬೆಲ್ ಹೊಡೆದಾಗ ಚೆಂಡು ಯಾರ ಹತ್ತಿರವಿರುತ್ತದೋ ಅವರು ಎದ್ದು ನಿಂತು, ತಾವಾಡಿದ ಮಾತನ್ನು ಫ್ರೆಂಚಿನಲ್ಲಿ ಹೇಳಬೇಕು.

ಆ ಮಧ್ಯಾಹ್ನ ಚೆಂಡು ನನ್ನ ಹತ್ತಿರವಿತ್ತು. ಕೈ ಬೆವರಿ ರಬ್ಬರು ಅಂಟುತ್ತಿತ್ತು. ಪಕ್ಕದಲ್ಲಿ ನಿಟ್ಟೂರಿನಿಂದ ಬರುತ್ತಿದ್ದ ಗೆಳತಿ ಸವಿತಾ. ಮೂರು ದಿನ ರಜೆ ಹಾಕಿ ಅವತ್ತೇ ಬಂದಿದ್ದಳು, ಬಾಯೇ ಬಿಟ್ಟಿರಲಿಲ್ಲ. ಬೆಲ್ಲಿಗೆ ಇನ್ನು ಐದೇ ನಿಮಿಷ. ಅವಳ ಕಿವಿಯ ಹತ್ತಿರ ಬಗ್ಗಿ, ಆದಷ್ಟು ಮೆತ್ತಗೆ ಕೇಳಿದೆ:

"ಯಾಕೇ ಬಂದಿರ್ಲಿಲ್ಲ?"

"ನಮ್ಮಜ್ಜಿ ತೀರ್ಕೊಂಬುಟ್ರು ಕಣೇ."

ನಾನು ಕೈ ಎತ್ತಿದೆ. "ಮಿಸ್, ಸವಿತಾ ಕನ್ನಡ ಮಾತಾಡಿದ್ಳು."

"ಬ್ರಾವೋ," ಎಂದರು ಮಿಸ್, ನನಗೆ.

ಬೆಲ್ ಹೊಡೆಯಿತು. ಸವಿತಾ ಚೆಂಡನ್ನು ಎರಡೂ ಕೈಯಲ್ಲಿ ಹಿಡಿದು ಎದ್ದು ನಿಂತಳು. ಅಜ್ಜಿ ಎನ್ನುವುದಕ್ಕೆ ಕಲಿತಿದ್ದ ಫ್ರೆಂಚ್ ಪದವನ್ನು ಸರಿಯಾಗಿಯೇ ಹೇಳಿದಳು.

"ಹಾಂ, ಮುಂದೆ?" ಎಂದರು ಮಿಸ್.

ಮುಂದಿನ ಪದವನ್ನು ನಮಗಿನ್ನೂ ಕಲಿಸಿರಲಿಲ್ಲ.