ಎದುರು ಬಾಗಿಲು

ಗಂಡ ಮನೆಯಿಂದ ಹೊರದಬ್ಬಿದ ಹದಿನೈದನೆಯ ದಿನ ಚಂದ್ರಿಕಾ ಅದೇ ಅಪಾರ್ಟ್‌ಮೆಂಟಿನಲ್ಲಿ, ಅವನ ಬಾಗಿಲಿಗೆ ನೇರ ಎದುರಿಗಿದ್ದ ಖಾಲಿ ಮನೆಯನ್ನು ಬಾಡಿಗೆಗೆ ಹಿಡಿದಳು. ಬಣ್ಣ ಹೊಡೆಸಿದಳು, ಸೋರುವ ನಲ್ಲಿ ಬದಲಿಸಿದಳು, ಒಲೆ ತಂದಿಟ್ಟಳು. ಎರಡು ಮಂಚ ಬಂದಿಳಿದಾಗ ಅವನಿಗೆ ತಡೆಯಲಾಗಲಿಲ್ಲ. ಹೊಸ್ತಿಲಲ್ಲಿ ಬಂದು ನಿಂತ.

“ನನ್ನ ಹೊಟ್ಟೆ ಉರಿಸೋಕೆ ಬಂದಿದೀಯಾ?”

“ಹೌದು,” ಎಂದಳು, ಕಿಟಕಿಗೆ ಪರದೆ ಸಿಕ್ಕಿಸುತ್ತ. ಹಾಗೆ ಹೇಳುವಾಗ ಅವಳಿಗೆ ಬಾಯಿ ಸಿಹಿಯಾದಂತಾಯಿತು.

“ಜೊತೆಗೆ ಯಾರನ್ನ ಇಟ್ಕೋತೀಯಾ? ಇಡೀ ಬಿಲ್ಡಿಂಗಿಗೆ ಹೇಳಿ ನಿನ್ನ ಮಾನ ಕಳೀತೀನಿ.”

“ನಾನೇ ಎಲ್ಲರನ್ನೂ ಕರೆದಿದೀನಿ. ನಾಳೆ ಹಾಲುಕ್ಕಿಸ್ತೀವಿ.”

“ಯಾರೇ ಅವನು?”

“ಅವನಲ್ಲ, ಅವಳು. ಹೆರಿಗೇಲಿ ಸತ್ತುಹೋದ್ಲು ಅಂತ ನಮ್ಮಪ್ಪನಿಗೆ ಹೇಳಿ ನನ್ನನ್ನ ಕಟ್ಕೊಂಡ್ರಲ್ಲ, ನಿಮ್ಮ ಮೊದಲನೇ ಹೆಂಡತಿ.”