ಗೇಟಪ್ಪನ ಗ್ಯಾರಂಟಿ

“ಕಂಕುಳಲ್ಲಿರೋ ಗ್ರಂಥಿಗಳಲ್ಲಿ ಮೊದಲನೆಯದು ಕಾವಲುಗಾರ ಇದ್ದ ಹಾಗೆ,” ಎಂದರು ಸರ್ಜನ್ ಮೇಡಂ, ಕಾಗದದ ಮೇಲೆ ಒಂದು ತೋಳು ಬರೆದು. “ಸ್ತನದಿಂದ ಕ್ಯಾನ್ಸರ್ ಹರಡಬೇಕಾದ್ರೆ ಸಾಮಾನ್ಯವಾಗಿ ಅವನನ್ನ ದಾಟಿಯೇ ಹೋಗ್ಬೇಕು. ಆಪರೇಷನ್ ಹೊತ್ತಲ್ಲಿ ಅದನ್ನ ತೆಗೆದು ಪರೀಕ್ಷೆ ಮಾಡ್ತೀವಿ. ಅಲ್ಲಿ ಏನೂ ಇಲ್ಲದಿದ್ರೆ ಮಿಕ್ಕಿದ್ರಲ್ಲೂ ಇಲ್ಲ ಅಂತ ಅರ್ಥ. ಎಲ್ಲಾನೂ ಕಿತ್ತು ಕೈ ಊದಿಸಿಕೊಳ್ಳೋ ಕಷ್ಟ ತಪ್ಪುತ್ತೆ.”

ಹೆಂಡತಿಗಿಂತ ಮೊದಲು ಗಂಡನ ಮುಖ ಅರಳಿತು. ಸೋಪು ಕಾರ್ಖಾನೆಯ ಗೇಟಿನಲ್ಲಿ ನಿಂತು, ಹೊರಹೋಗುವವರ ಬ್ಯಾಗು ತಪಾಸಣೆ ಮಾಡುವುದು ಅವನ ಹದಿನೆಂಟು ವರ್ಷದ ಕೆಲಸ. ಎಲ್ಲರ ಬಾಯಲ್ಲೂ ಅವನು ಗೇಟಪ್ಪ. ವೈದ್ಯಶಾಸ್ತ್ರ ಕೊನೆಗೂ ತನ್ನ ಕಸುಬಿನ ಹತ್ತಿರ ಬಂತಲ್ಲ ಎಂದು ಕುರ್ಚಿಯಲ್ಲಿ ನೆಟ್ಟಗಾದ.

“ಕಾವಲುಗಾರ ಇಲ್ಲ ಅಂದ್ಮೇಲೆ ಇಲ್ಲ, ಮೇಡಂ. ನನ್ನ ಗೇಟಿಂದ ಇವತ್ತಿನವರೆಗೆ ಒಂದು ಸೋಪು ಆಚೆ ಹೋಗಿಲ್ಲ. ಒಂದೇ ತೆಗೀರಿ, ಸಾಕು. ನಾನು ಗ್ಯಾರಂಟಿ.”

ಹೆಂಡತಿ ಅದೇ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದವಳು. ಆರು ಸುತ್ತು ಕೀಮೋ ಮುಗಿಸಿ, ತಲೆಗೆ ಬಟ್ಟೆ ಸುತ್ತಿಕೊಂಡು ಕೂತಿದ್ದಳು. ಅವಳಿಗೆ ಕೈಯೂ ಬೇಕಿತ್ತು, ಜೀವವೂ ಬೇಕಿತ್ತು.

“ಕೀಮೋ ಆದ್ಮೇಲೂ ಈ ಕಾವಲುಗಾರನ ಮಾತು ನಂಬಬಹುದಾ, ಮೇಡಂ?”

“ಅಲ್ಲೇ ಇರೋದು ತೊಂದರೆ. ಕೀಮೋ ಆದ್ಮೇಲೆ ಅವನು ಕೆಲವು ಸಲ ಮೋಸ ಹೋಗ್ತಾನೆ. ಅವನ ಹತ್ರ ಏನೂ ಸಿಗಲ್ಲ, ಹಿಂದಿನವರ ಹತ್ರ ಕಾಯಿಲೆ ಉಳಿದಿರುತ್ತೆ. ಗ್ರಂಥಿ ಎದ್ದು ಕಾಣೋ ಹಾಗೆ ಎರಡು ಬಗೆಯ ಮದ್ದು ಹಾಕಿ ಗುರುತು ಹಿಡಿದು, ಕಡೇಪಕ್ಷ ಮೂರು ಗ್ರಂಥಿ ತೆಗೆದು ನೋಡಿದ್ರೆ ಹೆಚ್ಚು ನಂಬಬಹುದು. ಆಗಲೂ ನೂರಕ್ಕೆ ನೂರು ಅಂತ ಹೇಳಲಾರೆ.”

ಗೇಟಪ್ಪನ ಮಾನಕ್ಕೇ ಪೆಟ್ಟು ಬಿತ್ತು. “ಮೂರ್ಯಾಕೆ? ನಿಯತ್ತಿನವನು ಒಬ್ಬ ಸಾಲದಾ?”

“ಸಾಲದು,” ಎಂದಳು ಹೆಂಡತಿ. “ಮೇಡಂ, ಪ್ರತಿ ಶನಿವಾರ ಎರಡು ಸೋಪು ನನ್ನ ಬ್ಯಾಗಲ್ಲೇ ಆಚೆ ಬಂದಿವೆ. ಇವರು ಎಲ್ಲರ ಬ್ಯಾಗೂ ನೋಡ್ತಾರೆ, ಹೆಂಡ್ತೀದು ಮಾತ್ರ ನೋಡಲ್ಲ.”

“ಹಾಗಾದ್ರೆ ಮನೇಲಿರೋ ಸೋಪು...?”

“ಕೊಂಡಿದ್ದು ಅಂದ್ಕೊಂಡಿದ್ರಾ?”

ದೀಪದ ಬುಡದಲ್ಲೇ ಕತ್ತಲೆ ಎನ್ನುವುದು ಸುಳ್ಳಲ್ಲ. ಪಾಪ, ಆ ಮನುಷ್ಯ ಹದಿನೆಂಟು ವರ್ಷ ಕದ್ದ ಸೋಪಿನಲ್ಲೇ ಮಿಂದು, ಘಮಘಮಿಸುತ್ತ ಗೇಟಿಗೆ ಹೋಗಿ ಕಳ್ಳರನ್ನು ಹುಡುಕಿದ್ದ. ಮೇಡಂ ನಗು ತಡೆಯಲಾಗದೆ ಕಂಪ್ಯೂಟರಿನತ್ತ ತಿರುಗಿದರು.

“ಮೂರು ಅಂತಲೇ ಬರ್ಕೊಳ್ಳಿ, ಮೇಡಂ,” ಎಂದು ಹೆಂಡತಿ ಎದ್ದಳು. “ನಾಲ್ಕನೆಯದು ಸಿಕ್ಕಿದ್ರೆ ಅದನ್ನೂ ಬಿಡಬೇಡಿ.”

ಹೊರಗೆ, ರೋಗಿಗಳು ಸಾಲಾಗಿ ಕೂತಿದ್ದ ಕಾರಿಡಾರಿನಲ್ಲಿ, ಗೇಟಪ್ಪ ಹತ್ತು ಹೆಜ್ಜೆ ನಡೆದ. ಆಮೇಲೆ ನಕ್ಕಂತೆ ಮಾಡಿ ಕೇಳಿದ: “ಸೋಪು ಬಿಟ್ರೆ ಇನ್ನೇನು ಮುಚ್ಚಿಟ್ಟಿದ್ದೆ ನನ್ನಿಂದ?”

ಅವಳು ನಿಂತಳು. “ಗಡ್ಡೇನ. ನಿಮಗೆ ಹೇಳೋದಕ್ಕೆ ನಾಲ್ಕು ತಿಂಗಳು ಮುಂಚೇನೇ ಕೈಗೆ ಸಿಕ್ಕಿತ್ತು. ಹೆದರಿಕೆ ಆಯ್ತು ರೀ.”

ಗೇಟಪ್ಪನಿಗೆ ಬೈಯಬೇಕೆನಿಸಿತು; ಯಾರನ್ನು ಎಂದು ತಿಳಿಯಲಿಲ್ಲ. ಕಣ್ಣು ಒರೆಸಿಕೊಂಡ. ಕೂತವರೆಲ್ಲ ನೋಡುತ್ತಿದ್ದಂತೆಯೇ ಹೆಂಡತಿಯ ಮುಂದೆ ಕೈ ಚಾಚಿ, “ಬ್ಯಾಗ್ ತೋರ್ಸು,” ಎಂದ.